ಅಡ್ಡಹೆಸರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೈಸ್ಕೂಲುಗಳಲ್ಲಿ ಓದಿದ ನಮಗೆ ‘ಹೆಣ್ಣಿಗ’ ಎಂಬ ಅಡ್ಡಹೆಸರು ಹೊಸದಲ್ಲ. ಮೆಲ್ಲಗೆ ಮಾತಾಡುವ, ಕಬಡ್ಡಿಗೆ ಇಳಿಯದ ಹುಡುಗನಿಗೆ ಅದು ಎಂಟನೆಯ ತರಗತಿಯಲ್ಲೇ ಅಂಟುತ್ತಿತ್ತು. (ಅಂಥವರೆಲ್ಲ ಸಲಿಂಗಿಗಳಲ್ಲ; ಕಬಡ್ಡಿ ಆಡಿದವರಲ್ಲಿ ಸಲಿಂಗಿಗಳು ಇರಲಿಲ್ಲವೆಂದೂ ಅಲ್ಲ.) ಮಿಕ್ಕ ಹುಡುಗರು ಹುಡುಗಿಯ ಹೆಸರನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಸಿಕ್ಕಿಬಿದ್ದು, ನಕ್ಕು ದೊಡ್ಡವರಾದರು. ಪಕ್ಕದಲ್ಲೇ ಕೂತ ಗೆಳೆಯನ ಮೇಲೆ ಮನಸ್ಸಿಟ್ಟವನಿಗೆ ಆ ಹಾಳೆಯೂ ಇರಲಿಲ್ಲ. ಗೆಳೆಯ ಊರಿನ ಬಸ್ಸು ಹತ್ತುವ ತನಕ ಸ್ಟ್ಯಾಂಡಿನಲ್ಲಿ ನಿಂತು ಬರುತ್ತಿದ್ದ, ಅಷ್ಟೇ.

ಕನ್ನಡ ಕಥೆಯಲ್ಲೂ ಅವನಿಗೆ ಜಾಗ ಸಿಕ್ಕಿದ್ದು ತಡವಾಗಿ. ಸಂಡೂರಿನ ವಸುಧೇಂದ್ರರ ‘ಮೋಹನಸ್ವಾಮಿ’ ಸಂಕಲನ ಬಂದದ್ದು 2013ರಲ್ಲಿ. ಅದಕ್ಕೂ ಮೊದಲು ಮೋಹನಸ್ವಾಮಿಯ ಕಥೆಯನ್ನು ಅವರು ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ಹೆಸರು ಮಾಡಿದ ಲೇಖಕರಿಗೇ ಇಷ್ಟು ಅಂಜಿಕೆಯಿದ್ದರೆ ಸಿಂದಗಿಯ ಹುಡುಗ ಯಾರ ಮುಂದೆ ಬಾಯಿ ಬಿಡಬೇಕು? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. ತರಗತಿಯೊಳಗಿನ ಗೇಲಿಗೆ ಆ ತೀರ್ಪಿನ ಸುದ್ದಿ ಮುಟ್ಟಿದಂತಿಲ್ಲ.

ಇದು ಧರ್ಮಸಮ್ಮತವೇ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ಹೆಚ್ಚಿನ ವಿದ್ವಾಂಸರ ಉತ್ತರ ನಮಗೆ ಗೊತ್ತು. ಆದರೆ ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಕುರ್‌ಆನಿನ 49ನೆಯ ಅಧ್ಯಾಯದ 11ನೆಯ ವಚನ ತಡೆಯುತ್ತದೆ. ಆ ಮಾತನ್ನು ಈ ಹುಡುಗನಿಗೂ ಅನ್ವಯಿಸಿ ಹೇಳಿದವರನ್ನು ನಾವು ಕಂಡಿಲ್ಲ.

ಮುದ್ದೇಬಿಹಾಳದ ಕಡೆಯ ಒಬ್ಬ ಹತ್ತನೆಯ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟ. ಓದು ತಲೆಗೆ ಹತ್ತಲಿಲ್ಲ ಎಂದರು ಮನೆಯವರು. ಗಣಿತದಲ್ಲಿ ಅವನೇ ಎಲ್ಲರಿಗಿಂತ ಮುಂದಿದ್ದ.