ಮೇಜಿನ ಮೇಲಣ ವೀರವ್ರತ

ಗೆಲ್ಲಬೇಕೆಂದು ಆಟಕ್ಕೆ ಕುಳಿತವನು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದುಂಟೆ? ಒಂದು ಸುಳ್ಳು ಹೇಳಿದರೆ ಕೋಟೆಯ ಬಾಗಿಲು ತೆರೆಯುತ್ತದೆ, ಅವನು ಹೇಳುವುದಿಲ್ಲ. ಮಲಗಿರುವ ಶತ್ರುವನ್ನು ಇರಿದರೆ ಕೆಲಸ ಮುಗಿಯುತ್ತದೆ. ಅವನು ಎಬ್ಬಿಸಿ, ಆಯುಧ ಹಿಡಿಯಗೊಟ್ಟು, ಆಮೇಲೆ ಹೋರಾಡುತ್ತಾನೆ. ದೊರೆತ ಹೊನ್ನಿನಿಂದ ಜೊತೆಗಾರರು ಹೊಸ ಕುದುರೆ ಕೊಳ್ಳುತ್ತಿರುವಾಗ ಅವನು ತನ್ನ ಪಾಲನ್ನು ದೇವಾಲಯಕ್ಕೆ ಒಪ್ಪಿಸಿ ಬರಿಗೈಯಲ್ಲಿ ಹಿಂತಿರುಗುತ್ತಾನೆ. ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿ ನಾನಾ ದೇಶಗಳ ತರುಣರನ್ನು ಆಕರ್ಷಿಸಿರುವ ಕಾಲ್ಪನಿಕ ಪಾತ್ರಧಾರಣೆಯ ಆಟಗಳಲ್ಲಿ ಇಂತಹ ಒಬ್ಬ ವೀರನಿದ್ದಾನೆ. ಅವನನ್ನು ಪ್ಯಾಲಡಿನ್ ಎಂದು ಕರೆಯುತ್ತಾರೆ. ಆಟವೆಂದರೆ ಹೊತ್ತು ಕಳೆಯುವ ಹವ್ಯಾಸವೆಂದು ತಿಳಿದ ಹಿರಿಯರೂ ಈ ವೀರನ ವಿಷಯದಲ್ಲಿ ಕೊಂಚ ನಿಂತು ಯೋಚಿಸಬೇಕಾಗುತ್ತದೆ.

ಆಟದ ಬಗೆಯನ್ನು ಮೊದಲು ತಿಳಿಯಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಪ್ರಕಟವಾಯಿತು. ಇದಕ್ಕೆ ಕಾಯಿಗಳನ್ನು ನಡೆಸುವ ಹಾಸು ಬೇಕೇ ಬೇಕೆಂದಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಡಂಜನ್ ಮಾಸ್ಟರ್ ಎಂಬ ಸೂತ್ರಧಾರನು ಕಾಡು, ಕೋಟೆ, ಶತ್ರುಗಳನ್ನು ಬಣ್ಣಿಸುತ್ತ ಹೋಗುತ್ತಾನೆ. “ಈಗ ನೀನೇನು ಮಾಡುವೆ?” ಎಂಬುದೇ ಅವನ ನಿತ್ಯದ ಪ್ರಶ್ನೆ. ಫಲ ಸಂದಿಗ್ಧವಾದಾಗ ದಾಳ ಉರುಳುತ್ತದೆ. ಕನ್ನಡ ವಾಚಕರಿಗೆ ಇಲ್ಲಿ ತಾಳಮದ್ದಳೆ ನೆನಪಾದರೆ ಆಶ್ಚರ್ಯವಿಲ್ಲ. ವೇಷವಿಲ್ಲದೆ, ಕುಳಿತಲ್ಲಿಯೇ, ಪಾತ್ರವಾಗಿ ಮಾತನಾಡುವ ಅರ್ಥಧಾರಿಗೂ ಈ ಆಟಗಾರನಿಗೂ ದೂರದ ಹೋಲಿಕೆಯುಂಟು. ಆದರೆ ಅರ್ಥಧಾರಿಗೆ ಪ್ರಸಂಗದ ಮುಕ್ತಾಯ ಗೊತ್ತು. ಕರ್ಣನು ಎಷ್ಟು ಚೆನ್ನಾಗಿ ಮಾತನಾಡಿದರೂ ರಥದ ಗಾಲಿ ಹೂತೇ ತೀರುತ್ತದೆ. ಇಲ್ಲಿ ಮುಂದೇನೆಂಬುದು ಸೂತ್ರಧಾರನಿಗೂ ಪೂರ್ತಿ ತಿಳಿದಿರುವುದಿಲ್ಲ.

ಪ್ಯಾಲಡಿನ್ ಈ ಆಟಕ್ಕೆ ಬಂದದ್ದು 1975ರ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ. ಆ ಪದವಿಗೆ ವರ್ಚಸ್ಸಿನ ಅಂಕ 17 ಅಥವಾ 18 ಇರಲೇಬೇಕು. ಮೂರು ದಾಳಗಳನ್ನು ಒಟ್ಟಿಗೆ ಎಸೆದರೆ 216 ಬಗೆಗಳಲ್ಲಿ ಬೀಳಬಹುದು. ಅವುಗಳಲ್ಲಿ ನಾಲ್ಕು ಮಾತ್ರ 17ನ್ನು ಮುಟ್ಟುತ್ತವೆ ಎಂಬುದನ್ನು ಗಣಿತದ ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಎಂದರೆ 54 ಪ್ರಯತ್ನಗಳಿಗೆ ಒಮ್ಮೆ. ಧರ್ಮವೀರನಾಗುವ ಯೋಗವನ್ನು ದಾಳವೇ ದಯಪಾಲಿಸಬೇಕೆಂಬುದು ವಿನೋದದ ಸಂಗತಿಯೇ ಸರಿ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಅವನ ಕಟ್ಟಳೆಗಳನ್ನು ಬಿಗಿಗೊಳಿಸಿತು. ಅವನು ನಿಯಮನಿಷ್ಠನೂ ಸಜ್ಜನನೂ ಆಗಿರಬೇಕು. ಮಾಂತ್ರಿಕ ವಸ್ತುಗಳು ಹತ್ತಕ್ಕೆ ಮೀರಕೂಡದು. ಆದಾಯದ ದಶಾಂಶವನ್ನು ಧರ್ಮಸಂಸ್ಥೆಗೆ ಸಲ್ಲಿಸಬೇಕು. ಜೀವನಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನೂ ಕೊಟ್ಟುಬಿಡಬೇಕು. ದುಷ್ಟರ ಸಹವಾಸ ಸಲ್ಲದು. ಇದಕ್ಕೆ ಪ್ರತಿಯಾಗಿ ಕೈ ಮುಟ್ಟಿ ಗಾಯ ಮಾಯಿಸುವ ಶಕ್ತಿ, ರೋಗ ತಟ್ಟದ ದೇಹ, ಕೇಡನ್ನು ದೂರದಿಂದಲೇ ಅರಿಯುವ ದೃಷ್ಟಿ ಅವನಿಗೆ ಲಭಿಸುತ್ತವೆ. ತಿಳಿದೂ ತಿಳಿದೂ ಒಂದೇ ಒಂದು ದುಷ್ಕೃತ್ಯವನ್ನು ಎಸಗಿದರೆ ಇವೆಲ್ಲವೂ ಆ ಕ್ಷಣವೇ ಹೋಗುತ್ತವೆ. ಯಾವ ಪ್ರಾಯಶ್ಚಿತ್ತಕ್ಕೂ ಮರಳಿ ಬರುವುದಿಲ್ಲ. ಅಲ್ಲಿಂದ ಮುಂದೆ ಅವನು ಸಾಮಾನ್ಯ ಯೋಧ.

ಈ ವೀರನ ವಂಶಾವಳಿ ಹಳೆಯದು. ರೋಮಿನ ಪ್ಯಾಲಟೈನ್ ಗುಡ್ಡದ ಮೇಲೆ ಚಕ್ರವರ್ತಿಗಳ ಅರಮನೆಯಿತ್ತು. ಗುಡ್ಡದ ಹೆಸರೇ ಅರಮನೆಗೂ ಅರಮನೆಯ ಅಧಿಕಾರಿಗೂ ಅಂಟಿತು. ಮುಂದೆ ಫ್ರಾಂಕರ ದೊರೆ ಷಾರ್ಲಮೇನನ ಹನ್ನೆರಡು ಮಂದಿ ವೀರರಿಗೆ ಆ ಹೆಸರು ನಿಂತಿತು. ಅವರಲ್ಲಿ ಅಗ್ರಗಣ್ಯನು ರೋಲಾನ್. 778ರಲ್ಲಿ ಪಿರನೀಸ್ ಪರ್ವತದ ಕಣಿವೆಯಲ್ಲಿ ಬಾಸ್ಕ್ ಜನರು ಫ್ರಾಂಕರ ಹಿಂಬದಿಯ ಸೈನ್ಯವನ್ನು ಮುತ್ತಿ ಅವನನ್ನು ಕೊಂದರು. ಮೂರು ಶತಮಾನಗಳ ತರುವಾಯ ಹುಟ್ಟಿದ ಫ್ರೆಂಚ್ ವೀರಕಾವ್ಯದಲ್ಲಿ ಅದು ಸಾರಸನ್ನರೊಡನೆ ನಡೆದ ಧರ್ಮಯುದ್ಧವಾಗಿಬಿಟ್ಟಿತು. ಅಲ್ಲಿಯ ಒಂದು ಸಂದರ್ಭವನ್ನು ಮರೆಯಲಾಗದು. ಶತ್ರುಸೈನ್ಯ ಕಾಣುತ್ತಲೇ ಗೆಳೆಯ ಆಲಿವರನು ಕೊಂಬನ್ನೂದಿ ದೊರೆಯನ್ನು ಕರೆಯೆಂದು ಬೇಡುತ್ತಾನೆ. ಮಾನಕ್ಕೆ ಕುಂದೆಂದು ರೋಲಾನನು ಒಪ್ಪುವುದಿಲ್ಲ. ಕಡೆಗೆ ಊದುವ ವೇಳೆಗೆ ಇಪ್ಪತ್ತು ಸಾವಿರ ಮಂದಿಯಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಮಾನ ರೋಲಾನನದು, ಅದರ ಬೆಲೆಯನ್ನು ತೆತ್ತವರು ಅವನ ಹಿಂದೆ ನಿಂತವರು.

ಮೇಜಿನ ಸುತ್ತಣ ಆಟದಲ್ಲಿಯೂ ತೊಡಕು ಹುಟ್ಟುವುದು ಇಲ್ಲಿಯೇ. ಪದೇ ಪದೇ ಎದುರಾಗುವ ಸನ್ನಿವೇಶವೊಂದನ್ನು ನೋಡಬಹುದು. ಕಾಳಗ ಮುಗಿದಿದೆ. ಆರ್ಕ್ ಎಂಬ ರಕ್ಕಸಕುಲದ ಶತ್ರುವೊಬ್ಬ ಆಯುಧ ಚೆಲ್ಲಿ ಪ್ರಾಣಭಿಕ್ಷೆ ಬೇಡುತ್ತಾನೆ, ವ್ರತಧಾರಿ ಅಭಯವಿತ್ತಿದ್ದಾನೆ. ಜೊತೆಗಾರರು ಒಪ್ಪುವುದಿಲ್ಲ. “ಬಿಟ್ಟರೆ ತನ್ನವರನ್ನು ಕರೆತರುತ್ತಾನೆ, ಕಟ್ಟಿ ಒಯ್ದರೆ ಕಾವಲಿಗೆ ಯಾರು?” ಎಂದು ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೊಲ್ಲುವುದೇ ಲಾಭ. ಅದು ಕೇವಲ ಕಾಗದದ ಮೇಲಣ ಪ್ರಾಣಿ ಎಂದು ಎಲ್ಲರಿಗೂ ಗೊತ್ತು. ಆದರೂ ಈ ಪ್ರಶ್ನೆಯ ಮೇಲೆ ಗಂಟೆಗಟ್ಟಲೆ ವಾದ ನಡೆದು, ಗೆಳೆಯರು ಮುನಿಸಿಕೊಂಡು ಏಳುವುದುಂಟು.

ಮುನಿಸಿಗೆ ಕಾರಣ ಹಲವು ಸಲ ವ್ರತಧಾರಿಯೇ ಆಗಿರುತ್ತಾನೆ. ತನ್ನ ಕಟ್ಟಳೆಯನ್ನು ಬೆತ್ತ ಮಾಡಿಕೊಂಡು ಇತರರನ್ನು ತಿದ್ದಲು ಹೊರಡುವ ಆಟಗಾರನು ಯಾರಿಗೂ ಬೇಡವಾಗುತ್ತಾನೆ. ಕಳ್ಳನ ಪಾತ್ರ ವಹಿಸಿದ ಗೆಳೆಯನು ಬೀಗಕ್ಕೆ ಕೈ ಹಾಕಿದೊಡನೆ ಇವನ ಉಪದೇಶ ಆರಂಭವಾಗುತ್ತದೆ. ಇನ್ನು ಕೆಲವೆಡೆ ತಪ್ಪು ಸೂತ್ರಧಾರನದು. ಯಾವ ದಾರಿ ಹಿಡಿದರೂ ಪಾಪವೇ ಆಗುವಂತೆ ಬಲೆ ಹೆಣೆದು, ವೀರನು ಜಾರಿದೊಡನೆ ಅವನ ಶಕ್ತಿಗಳನ್ನು ಕಸಿದುಕೊಂಡು ಸಂತೋಷಪಡುವವರಿದ್ದಾರೆ. ವಿದ್ಯಾರ್ಥಿ ಎಡವಲೆಂದೇ ಪ್ರಶ್ನೆಪತ್ರಿಕೆ ತಯಾರಿಸುವ ಪರೀಕ್ಷಕನಿಗೂ ಇಂತಹವನಿಗೂ ಹೆಚ್ಚು ಅಂತರವಿಲ್ಲ. 1978ರ ಕಟ್ಟಳೆಯ ದೋಷವೂ ಇದೇ: ದುಷ್ಕೃತ್ಯ ಯಾವುದೆಂದು ತೀರ್ಮಾನಿಸುವವನು ಸೂತ್ರಧಾರ, ಆ ತೀರ್ಪಿನ ಮೇಲೆ ಮೊರೆಯಿಡಲು ಬೇರೆ ಪೀಠವಿಲ್ಲ.

ಇಂತಹ ಆಟವನ್ನೇ 1980ರ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಸೈತಾನನ ಪೂಜೆಯೆಂದು ಖಂಡಿಸಿದವು. ದಶಾಂಶ ಸಲ್ಲಿಸಿ ಸತ್ಯ ನುಡಿಯುವ ಪಾತ್ರವೂ ಅದರೊಳಗಿತ್ತೆಂಬುದನ್ನು ಆ ಗದ್ದಲದಲ್ಲಿ ಗಮನಿಸಿದವರು ವಿರಳ.

ತೀರ್ಪುಗಾರನೇ ಕಣ್ಣಿಗೆ ಬೀಳದ ಆಟವೊಂದು 1985ರಲ್ಲಿ ಕಂಪ್ಯೂಟರಿಗಾಗಿ ಸಿದ್ಧವಾಯಿತು. ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’ ಸರಣಿಯ ನಾಲ್ಕನೆಯ ಭಾಗವದು. ಅದರಲ್ಲಿ ಆಟಗಾರನು ಸೇರಬೇಕಾದ ಗುರಿಯ ಹೆಸರು ‘ಅವತಾರ್’. ಸಂಸ್ಕೃತದ ಅವತಾರ ಶಬ್ದವೇ ಹಡಗು ಹತ್ತಿ ಹೋಗಿ ಅಲ್ಲಿ ನೆಲಸಿದೆ. ಕೊಲ್ಲಬೇಕಾದ ಮಹಾಖಳನೊಬ್ಬನೂ ಆ ಕಥೆಯಲ್ಲಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಪಳಗುವುದೇ ಸಾಧನೆ. ಪ್ಯಾಲಡಿನ್‌ಗೆ ಅಲ್ಲಿ ಗೌರವವೇ ವಿಶೇಷ ಗುಣ. ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವಳು ಕುರುಡಿ. ಅವಳು ಬೆಲೆ ಹೇಳುತ್ತಾಳೆ, ಕೊಳ್ಳುವವನು ತಾನೇ ನಾಣ್ಯ ಎಣಿಸಿ ಇಡಬೇಕು. ಒಂದೇ ನಾಣ್ಯವಿಟ್ಟರೂ ಅವಳು ವಂದಿಸಿ ಕಳಿಸುತ್ತಾಳೆ. ಗಂಟೆ ಬಾರಿಸುವುದಿಲ್ಲ, ಶಿಕ್ಷೆ ಬೀಳುವುದಿಲ್ಲ. ಯಂತ್ರವು ಒಳಗೊಳಗೇ ಲೆಕ್ಕ ಬರೆದುಕೊಂಡಿರುತ್ತದೆ, ಬಹುಕಾಲದ ಮೇಲೆ ಪ್ರಾಮಾಣಿಕತೆಯ ದಾರಿ ಅವನಿಗೆ ಮುಚ್ಚಿಕೊಂಡಿರುವುದು ತಿಳಿಯುತ್ತದೆ. ಎಷ್ಟು ಹುಡುಗರು ಆ ಕುರುಡಿಗೆ ಮೋಸ ಮಾಡಿ, ಆಮೇಲೆ ಪೂರ್ತಿ ಬೆಲೆ ತೆರಲು ಹಿಂದಿರುಗಿದರೋ! ಯುದ್ಧಗಳಿಂದಲೇ ತುಂಬಿದ ಆ ಕಾಲದ ಕಂಪ್ಯೂಟರ್ ಆಟಗಳ ನಡುವೆ ಇದೊಂದು ಅಂಗಡಿಯ ಮುಂದಣ ದೃಶ್ಯಕ್ಕೆ ಸಾಟಿಯಾದುದು ಕಡಿಮೆ.

ಮೇಜಿನ ಆಟದ ನಿಯಮಗಳೂ ಕಾಲಕ್ರಮದಲ್ಲಿ ಸಡಿಲಿದವು. 2008ರ ಆವೃತ್ತಿಯಲ್ಲಿ ಪ್ಯಾಲಡಿನ್ ನಿಯಮನಿಷ್ಠ ಸಜ್ಜನನೇ ಆಗಿರಬೇಕೆಂಬ ಕಟ್ಟಳೆ ಹೋಯಿತು. 2014ರಲ್ಲಿ ಪ್ರತಿಜ್ಞೆಯೇ ಮುಖ್ಯವೆನಿಸಿತು. ಆಟಗಾರನು ಮೂರನೆಯ ಹಂತ ಮುಟ್ಟಿದಾಗ ತಾನೇ ಒಂದು ಪ್ರತಿಜ್ಞೆಯನ್ನು ಆರಿಸಿಕೊಳ್ಳುತ್ತಾನೆ. ಸತ್ಯ, ಧೈರ್ಯ, ಕರುಣೆಗಳಿಗೆ ಕಟ್ಟುಬೀಳುವ ಭಕ್ತಿಯ ಪ್ರತಿಜ್ಞೆ ಒಂದು. ಬೆಳಕನ್ನೂ ಬದುಕಿನ ಚೆಲುವನ್ನೂ ಕಾಯುವ ಪ್ರತಿಜ್ಞೆ ಇನ್ನೊಂದು. ಮಹಾಪಾತಕಿಯನ್ನು ಯಾವ ಉಪಾಯದಿಂದಲಾದರೂ ಸದೆಬಡಿಯುವ ಸೇಡಿನ ಪ್ರತಿಜ್ಞೆ ಮತ್ತೊಂದು. ಹೊರಗಿನಿಂದ ಹೇರಿದ ಕಟ್ಟಳೆಗಿಂತ ತಾನೇ ಆಯ್ದ ವ್ರತ ಮೇಲೆಂಬುದು ನಿಜ. ಆದರೆ ಯಾವ ಉಪಾಯವೂ ಸಲ್ಲುತ್ತದೆಯೆಂಬ ವ್ರತಕ್ಕೆ ವ್ರತವೆಂಬ ಹೆಸರು ಹೇಗೆ ಒಪ್ಪುತ್ತದೆ? ಅದರಲ್ಲಿ ನೋಯುವವರು ಹೊರಗಿನವರು, ಪ್ರತಿಜ್ಞೆ ಮಾಡಿದವನಲ್ಲ. ಹಳೆಯ ಕಟ್ಟಳೆ ಎಷ್ಟೇ ಕಠಿಣವಾಗಿದ್ದರೂ ತೊಟ್ಟವನನ್ನೇ ಮೊದಲು ಕಟ್ಟುತ್ತಿತ್ತು.

ಆ ಶರಣಾಗತನ ಕಥೆಗೆ ಮರಳುವುದಾದರೆ, ಬಲ್ಲ ಆಟಗಾರನು ವಾದಕ್ಕೆ ಇಳಿಯುವುದಿಲ್ಲ. “ನಿಮ್ಮ ಭಯ ಸರಿಯಾದದ್ದೇ. ಅಭಯ ಕೊಟ್ಟವನು ನಾನು, ಕಾವಲೂ ನನ್ನದೇ. ನೀವು ಮಲಗಿ” ಎನ್ನುತ್ತಾನೆ. ತನ್ನ ಕುದುರೆಯ ಮೇಲೆ ಕೈದಿಯನ್ನು ಕೂರಿಸಿ ತಾನು ನಡೆಯುತ್ತಾನೆ. ನಿದ್ರೆಯಿಲ್ಲದ ಕಾರಣ ಅವನ ಗಾಯ ಮಾಯುವುದಿಲ್ಲ. ಮರುದಿನದ ಕಾಳಗದಲ್ಲಿ ಅದು ತೊಂದರೆ ಕೊಟ್ಟೇ ಕೊಡುತ್ತದೆ. ಸೂತ್ರಧಾರನು ಅದನ್ನು ಅವನ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತುಹಾಕಿಸುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ಕೊಲ್ಲೆಂದು ಕೂಗಿದ ಕಳ್ಳನ ಪಾತ್ರಧಾರಿ ಏನನ್ನೋ ಯೋಚಿಸಿ, ನಡುರಾತ್ರಿಯ ಜಾವದ ಕಾವಲಿಗೆ ತಾನು ಕೂರುವೆನೆನ್ನುತ್ತಾನೆ. ಅಷ್ಟರಲ್ಲಿ ಪೊದೆಯ ಮರೆಯಲ್ಲಿ ಏನೋ ಸರಿದಾಡಿದ ಸದ್ದಾಯಿತೆಂದು ಸೂತ್ರಧಾರ ತಿಳಿಸಿ, ಇಪ್ಪತ್ತು ಮುಖದ ದಾಳವನ್ನು ಅವರತ್ತ ತಳ್ಳುತ್ತಾನೆ.