ಮಾಗಿಯ ಬೆಂಗಳೂರು

ಬೆಂಗಳೂರಿನ ಚಳಿಯ ವರ್ಣನೆಯನ್ನು ಕೇಳಿದರೆ ಹಿಮಾಲಯದ ತಪ್ಪಲಿನ ಜನ ನಕ್ಕಾರು. ಇಲ್ಲಿ ಹಿಮ ಬೀಳದು. ಕೆರೆಯ ನೀರು ಗಡ್ಡೆ ಕಟ್ಟದು. ಹವಾಮಾನ ದಾಖಲೆಗಳ ಪ್ರಕಾರ ಈ ನಗರ ಕಂಡ ಅತ್ಯಂತ ಚಳಿಯ ದಿನ 1884ರ ಜನವರಿ 13. ಅಂದು ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಸಾಮಾನ್ಯವಾದ ಜನವರಿಯ ಬೆಳಗಿನಲ್ಲಿ ಅದು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಷ್ಟಕ್ಕೇ ಬೆಂಗಳೂರಿನ ಹಿರಿಯರು ಕಿವಿ ಮುಚ್ಚುವ ಉಣ್ಣೆಯ ಟೋಪಿ ಧರಿಸಿ, ಕತ್ತಿಗೆ ಮಫ್ಲರು ಸುತ್ತಿ, ಮಂಜಿನ ಬೆಟ್ಟವನ್ನು ಏರಲು ಹೊರಟವರಂತೆ ಹಾಲು ತರಲು ಹೊರಡುತ್ತಾರೆ. ಆದರೆ ನಗುವ ಮುನ್ನ ಒಂದು ಮಾತನ್ನು ನೆನೆಯಬೇಕು. ಕೆಲವು ಊರುಗಳ ಚಳಿ ಸಹಿಸುವುದಕ್ಕೆಂದೇ ಇದೆ. ಬೆಂಗಳೂರಿನ ಚಳಿ ಇರುವುದು ಸವಿಯುವುದಕ್ಕೆ.

ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯ ಮೇಲೆ ಮಳೆಗಾಲದ ಮೋಡಗಳು ಚದುರಿದ ಮೇಲೆ ಆಕಾಶ ತೊಳೆದಿಟ್ಟ ಬೋಗುಣಿಯಂತಾಗುತ್ತದೆ. ಹಗಲು ನೆಲ ಹೀರಿಕೊಂಡ ಬಿಸಿಯನ್ನು ಹಿಡಿದಿಡಲು ಮೋಡದ ಹೊದಿಕೆ ಇಲ್ಲವಾಗಿ, ಅದು ರಾತ್ರಿ ಬಾನಿಗೆ ಹಾರಿಹೋಗುತ್ತದೆ. ಬೆಳಗಾಗುವ ಹೊತ್ತಿಗೆ ಹುಲ್ಲಿನ ಮೇಲೆ ಇಬ್ಬನಿ; ಎಂಟು ಗಂಟೆಗೆ ಎಳೆಬಿಸಿಲು; ಮಧ್ಯಾಹ್ನಕ್ಕೆ ಅಂಗಿಯ ತೋಳನ್ನು ಮಡಿಸುವಷ್ಟು ಬೆಚ್ಚನೆಯ ಹವೆ. ಒಂದೇ ದಿನದಲ್ಲಿ ಮೂರು ಋತುಗಳು! ಈ ಮಾಗಿಯ ಸೊಗಸನ್ನು ಕಾಣಲು ದೂರ ಹೋಗಬೇಕಾದ ಅಗತ್ಯವಿಲ್ಲ. ಬಸವನಗುಡಿ, ಲಾಲ್‌ಬಾಗು, ವಿಶ್ವೇಶ್ವರಪುರ, ಗವಿಪುರ—ನಡೆದೇ ಮುಗಿಸಬಹುದಾದ ಈ ಸಣ್ಣ ವಲಯದಲ್ಲಿ ಅದರ ಆದಿ ಅಂತ್ಯಗಳೆರಡೂ ಅಡಗಿವೆ.

ಚಳಿಗಾಲಕ್ಕೆ ಇಲ್ಲಿ ಅಂಕಿತ ಬೀಳುವುದು ಕಡಲೆಕಾಯಿಯಿಂದ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಪರಿಷೆ. ಅದಕ್ಕೆ ಎರಡು ಮೂರು ದಿನ ಮೊದಲೇ ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಪಕ್ಕಗಳಲ್ಲಿ ಗೋಣಿತಾಟುಗಳು ಹರಡುತ್ತವೆ. ಕೋಲಾರ, ಚಿಂತಾಮಣಿ, ಮಾಗಡಿ, ತುಮಕೂರು ಸೀಮೆಗಳಿಂದಲೂ ಗಡಿಯಾಚೆಯ ಆಂಧ್ರ ಮತ್ತು ತಮಿಳುನಾಡಿನ ಊರುಗಳಿಂದಲೂ ಬಂದ ಕಾಯಿ ಅಲ್ಲಿ ರಾಶಿ ರಾಶಿಯಾಗಿ ಬೀಳುತ್ತದೆ. ಹಸಿಯದು, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ತಕ್ಕಡಿ ಎಷ್ಟೇ ಬಂದಿದ್ದರೂ ಇಲ್ಲಿ ಸೇರು, ಪಾವುಗಳ ಮಾತು ಇನ್ನೂ ಸತ್ತಿಲ್ಲ. ಅಳೆದು ಹಾಕಿದ ಮೇಲೆ ಕೊಸರೆಂದು ಒಂದು ಹಿಡಿ ಕೊಡದಿದ್ದರೆ ಕೊಂಡವರಿಗೆ ತೃಪ್ತಿಯಿಲ್ಲ. ಕೊಡದಿರುವ ಮನಸ್ಸು ಮಾರುವವರಿಗೂ ಇಲ್ಲ.

ಈ ಪರಿಷೆಗೊಂದು ಕಥೆಯುಂಟು. ಹಿಂದೆ ಸುಂಕೇನಹಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ಬಸವನೊಂದು ಬಂದು ಮೇಯುತ್ತಿತ್ತಂತೆ. ಸಿಟ್ಟಿಗೆದ್ದ ರೈತರು ಅದನ್ನು ಹೊಡೆದಾಗ ಅದು ಕುಳಿತಲ್ಲೇ ಕಲ್ಲಾಯಿತಂತೆ. ಕಲ್ಲಾಗಿಯೂ ಬೆಳೆಯುತ್ತ ಹೋಯಿತಂತೆ. ಅದರ ಬೆಳವಣಿಗೆಯನ್ನು ನಿಲ್ಲಿಸಲು ನೆತ್ತಿಯ ಮೇಲೆ ತ್ರಿಶೂಲವನ್ನು ನೆಟ್ಟು, ವರ್ಷದ ಮೊದಲ ಬೆಳೆಯನ್ನು ಅದಕ್ಕೇ ಒಪ್ಪಿಸುವುದಾಗಿ ರೈತರು ಹರಕೆ ಹೊತ್ತರಂತೆ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಆ ಏಕಶಿಲೆಯ ನಂದಿ, ಎಣ್ಣೆಯಿಂದ ಕಪ್ಪಾಗಿ ಮಿನುಗುತ್ತ, ಇಂದಿಗೂ ಗುಡಿಯಲ್ಲಿ ಕುಳಿತಿದೆ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕವೆಂದೂ ಪೋರ್ಚುಗೀಸರು ಈ ದೇಶಕ್ಕೆ ಬಂದ ನಂತರವೇ ಅದು ಇಲ್ಲಿಗೆ ತಲುಪಿತೆಂದೂ ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆದರೇನು? ಹೊರಗಿನಿಂದ ಬಂದ ಬೀಜ ಈ ನೆಲದಲ್ಲಿ ಬೇರೂರಿ, ದೇವರ ಕಥೆಯೊಳಗೂ ಸೇರಿಕೊಂಡಿತು. ಹೊರಗಿನಿಂದ ಬಂದವರಿಂದಲೇ ತುಂಬಿದ ಬೆಂಗಳೂರಿಗೆ ಇದಕ್ಕಿಂತ ತಕ್ಕ ಹಬ್ಬ ಇನ್ನಾವುದಿದೆ?

ಪರಿಷೆಯ ಸಿಪ್ಪೆ ಗುಡಿಸಿ ಮುಗಿಯುವಷ್ಟರಲ್ಲಿ ಮಾರ್ಗಶಿರ ಕಾಲಿಡುತ್ತದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಈ ತಿಂಗಳಲ್ಲಿ ಮದುವೆ ಮುಂಜಿಗಳಿಲ್ಲ. ಆದರೆ ಬೆಳಗಿನ ಜಾವದ ಪೂಜೆಗೆ ವಿಶೇಷ ಫಲವಿದೆಯೆಂದು ನಂಬಿಕೆ. ನಕ್ಷತ್ರಗಳು ಮಾಸುವ ಮೊದಲೇ ದೇವಾಲಯಗಳ ಗಂಟೆ ಮೊಳಗುತ್ತದೆ. ಶ್ರೀವೈಷ್ಣವರ ಗುಡಿಗಳಲ್ಲಿ ಆಂಡಾಳ್ ರಚಿಸಿದ ತಿರುಪ್ಪಾವೈಯ 30 ಪಾಶುರಗಳು ದಿನಕ್ಕೊಂದರಂತೆ ಸಲ್ಲುತ್ತವೆ. ಬಚ್ಚಲ ಒಲೆಗೆ ತೆಂಗಿನ ಮಟ್ಟೆ ಒಟ್ಟಿ, ತಾಮ್ರದ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಮನೆಗಳು ಈಗ ವಿರಳ. ಹಂಡೆಗಳು ಅಟ್ಟವನ್ನೇರಿವೆ, ಗುಂಡಿ ಒತ್ತಿದರೆ ಗೋಡೆಯಿಂದ ಬಿಸಿನೀರು ಬರುತ್ತದೆ. ಆದರೂ ಮೈ ನಡುಗುತ್ತಿರುವಾಗ ತಲೆಯ ಮೇಲೆ ಬೀಳುವ ಮೊದಲ ಚೊಂಬು ಬಿಸಿನೀರಿನ ಸುಖ ಮಾತ್ರ ಹಳೆಯದೇ.

ಸ್ನಾನ ಮುಗಿಸಿ ಗುಡಿಗೆ ಹೋದವರಿಗೆ ಹುಗ್ಗಿಯ ಪ್ರಸಾದ ಕಾದಿರುತ್ತದೆ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ, ತುಪ್ಪ—ಎಲ್ಲವೂ ಅಡುಗೆಮನೆಯ ನಿತ್ಯದ ಸಾಮಾನುಗಳೇ. ಮಧ್ಯಾಹ್ನದ ಊಟದಲ್ಲಿ ಇದೇ ಹುಗ್ಗಿಯನ್ನು ಬಡಿಸಿದರೆ ಮಕ್ಕಳು ಮುಖ ಸಿಂಡರಿಸಿಯಾರು. ಆದರೆ ಬೆಳಗಿನ ಆರು ಗಂಟೆಯ ಚಳಿಯಲ್ಲಿ, ದೊನ್ನೆಯ ಬಿಸಿ ಅಂಗೈಗೆ ತಾಗುತ್ತಿರುವಾಗ, ನಾಲಗೆಗೆ ಸಿಕ್ಕ ಒಂದು ಮೆಣಸಿನ ಕಾಳು ಎದೆಯವರೆಗೂ ದೀಪ ಹಚ್ಚುತ್ತದೆ. ರುಚಿಯ ಅರ್ಧ ಪಾಲು ಅಡುಗೆಯಲ್ಲಿದ್ದರೆ ಉಳಿದ ಅರ್ಧ ಕಾಲದಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಲ್ಲಿಂದ ಲಾಲ್‌ಬಾಗಿಗೆ ಹೆಚ್ಚು ದೂರವಿಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಮಾಗಿಯ ಮುಂಜಾವಿನಲ್ಲಿ ತೋರುವಷ್ಟು ಚೆಲುವಾಗಿ ಬೇರಾವಾಗಲೂ ತೋರದು. ಕೆರೆಯ ಮೇಲೆ ಹಬೆಯಂತೆ ಮಂಜು ಎದ್ದಿರುತ್ತದೆ. ಆಕಾಶಮಲ್ಲಿಗೆಯ ಉದ್ದ ತೊಟ್ಟಿನ ಬಿಳಿಯ ಹೂಗಳು ಹಾದಿಯ ಮೇಲೆ ಉದುರಿ ಬಿದ್ದಿರುತ್ತವೆ; ಮಕ್ಕಳು ಅವನ್ನಾಯ್ದು ಜಡೆಯಂತೆ ಹೆಣೆಯುತ್ತಾರೆ. ಗುಲಾಬಿ ಬಣ್ಣದ ತಬೂಬಿಯ ಮರಗಳು ನಗರದ ಬೀದಿಗಳಲ್ಲಿ ಹೂವೇರುವುದೂ ಈ ದಿನಗಳಲ್ಲೇ. ಒಂದು ಮರ ಹೂ ಮುಗಿಸುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದ ಕೀರ್ತಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್ ಅವರಿಗೆ ಸಲ್ಲುತ್ತದೆ. ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಸಿದ್ಧತೆ ನಡೆಯುವ ಕಾಲವೂ ಇದೇ. ಆದರೆ ಟಿಕೆಟ್ಟಿಲ್ಲದ ಪ್ರದರ್ಶನವೊಂದು ಪ್ರತಿದಿನವೂ ಅಲ್ಲಿ ನಡೆಯುತ್ತದೆ. ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲೆ ಎಳೆಬಿಸಿಲಿಗೆ ಬೆನ್ನೊಡ್ಡಿ ಕುಳಿತ ನಿವೃತ್ತರು, ಪಿಂಚಣಿ, ಮಂಡಿನೋವು, ಮೊಮ್ಮಕ್ಕಳ ಪರೀಕ್ಷೆ ಇವುಗಳನ್ನು ಕುರಿತು ಚರ್ಚಿಸುತ್ತಾರೆ. ಅಷ್ಟು ಹಳೆಯ ಕಲ್ಲಿನ ಮೇಲೆ ಕುಳಿತವರಿಗೆ ತಮ್ಮ ವಯಸ್ಸಿನ ಭಾರ ಕೊಂಚ ಹಗುರವಾದೀತೇನೋ. ಅನಂತರ ಗಾಂಧಿ ಬಜಾರಿನಲ್ಲಿ, 1943ರಿಂದ ದೋಸೆಗೆ ಹೆಸರಾದ ವಿದ್ಯಾರ್ಥಿ ಭವನದಲ್ಲಾಗಲಿ ಅದರ ನೆರೆಹೊರೆಯಲ್ಲಾಗಲಿ, ಒಂದು ಲೋಟ ಬಿಸಿ ಕಾಫಿ. ಲೋಟವನ್ನು ಎರಡೂ ಕೈಗಳಿಂದ ಹಿಡಿದು ಮೊದಲು ಅಂಗೈಗೆ ಕುಡಿಸಿ, ಆಮೇಲೆ ಬಾಯಿಗೆ ಕುಡಿಸುವುದು ಚಳಿಗಾಲದ ಕ್ರಮ.

ಇಷ್ಟೆಲ್ಲ ಇದ್ದರೂ ಬೆಂಗಳೂರಿನ ಮಾಗಿಯ ನಿಜವಾದ ಅರಸಿ ಅವರೆಕಾಯಿ. ಗಾಂಧಿ ಬಜಾರಿನಲ್ಲಿ ಅದರ ರಾಶಿ ಬಿದ್ದಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಮೂಗು ಅರಿಯುತ್ತದೆ. ಕಾಯಿಯ ಮೈಯ ಜಿಡ್ಡಿನಲ್ಲಿರುವ ಆ ಘಮಕ್ಕೆ ಕನ್ನಡದಲ್ಲಿ ಸೊಗಡು ಎಂದು ಹೆಸರು. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ಬೆಳೆಯುವವರ ಅನುಭವ. ಮನೆಗೆ ತಂದ ಕಾಯಿಯನ್ನು ನಡುಮನೆಯಲ್ಲಿ ಸುರಿದರೆ ಸುತ್ತಲೂ ಎಲ್ಲರೂ ಕೂರಬೇಕು. ಅಜ್ಜಿ ಬಿಡಿಸುತ್ತ ಕಥೆ ಹೇಳಬೇಕು. ಮಕ್ಕಳು ಹುಳುವನ್ನು ಕಂಡು ಕಿರುಚಬೇಕು. ಕಚೇರಿಯಿಂದ ಬಂದ ಯಜಮಾನರು ಪತ್ರಿಕೆಯನ್ನು ಮಡಿಸಿಟ್ಟು ತಾವೂ ಕೈ ಹಾಕಬೇಕು. ಕಾಳನ್ನು ನೆನೆಸಿ, ಬೆರಳ ತುದಿಯಿಂದ ಹಿಸುಕಿ ಸಿಪ್ಪೆ ಕಳೆದರೆ ಹಿತಕಿದ ಬೇಳೆ. ಆ ಬೇಳೆಯ ಸಾರು, ಅವರೆಕಾಳಿನ ಉಪ್ಪಿಟ್ಟು, ಅಕ್ಕಿರೊಟ್ಟಿ. ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋದರೆ ಅವರೆಬೇಳೆಯ ದೋಸೆಯೂ ಉಂಟು. ಒಬ್ಬರೇ ಕುಳಿತು ಒಂದು ಮನೆಗಾಗುವಷ್ಟು ಕಾಯಿಯನ್ನು ಸುಲಿದು, ನೆನೆಸಿ, ಹಿಸುಕುವುದು ಶಿಕ್ಷೆ. ಐದು ಜನ ಕುಳಿತರೆ ಅದೇ ಹಬ್ಬ. ಅವರೆಕಾಯಿಯ ಗುಟ್ಟು ಇದೇ.

ಹಳೆಯ ಅವರೆ ತಳಿಗಳು ಹಗಲು ಕಿರಿದಾದಾಗ ಮಾತ್ರ ಹೂಬಿಡುವ ಸ್ವಭಾವದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿದರು. ಇದರಿಂದ ರೈತನಿಗೆ ಒಂದು ಬೆಳೆಗೆ ಬದಲು ಹಲವು ಬೆಳೆ ದೊರೆಯುವಂತಾಯಿತು. ಅದು ಸಣ್ಣ ಉಪಕಾರವಲ್ಲ. ಕೊಳ್ಳುವವರಿಗೂ ಬೇಸಿಗೆಯಲ್ಲೇ ಅವರೆ ಸಿಕ್ಕಿತು. ಆದರೆ ಡಿಸೆಂಬರಿನಲ್ಲಿ ರಾಶಿಯ ಮುಂದೆ ನಿಂತ ಗೃಹಿಣಿ ಇಂದಿಗೂ ಮೊದಲು ಒಂದು ಕಾಯಿಯನ್ನೆತ್ತಿ ಮೂಸಿ ನೋಡುತ್ತಾಳೆ. ವರ್ಷವಿಡೀ ಸಿಗುವುದನ್ನು ಯಾರೂ ಹಾಗೆ ಮೂಸಿ ನೋಡುವುದಿಲ್ಲ.

ಒಂದು ಬೆಳಗ್ಗೆ ಹಾಗೆ ಮೂಸುತ್ತಿದ್ದ ವೃದ್ಧೆಯೊಬ್ಬರು ಅವರೆ ಮಾರುವ ಹೆಂಗಸನ್ನು ಕೇಳಿದರು:

"ಸೊಗಡು ಚೆನ್ನಾಗಿದೆಯೇನಮ್ಮ?"

"ನೀವೇ ನೋಡಿ ಅಜ್ಜಿ. ರಾತ್ರಿಯೆಲ್ಲ ಮಂಜು ಬಿದ್ದೈತೆ. ಮಂಜು ಬಿದ್ದಷ್ಟೂ ಕಾಯಿಗೆ ಸೊಗಡು, ನಮಗೆ ನೆಗಡಿ."

ಹೆಂಗಸು ನಕ್ಕಳು. ವೃದ್ಧೆ ನಗಲಿಲ್ಲ. ಮಾಗಡಿಯ ಕಡೆಯಿಂದ ನಡುರಾತ್ರಿಯ ಲಾರಿಯಲ್ಲಿ ಮೂಟೆಗಳ ಮೇಲೆ ಕುಳಿತು ಬಂದವಳ ಮೈಮೇಲೆ ಇದ್ದದ್ದು ತೆಳ್ಳನೆಯ ಒಂದು ಸೆರಗು, ಅದರ ಮೇಲೊಂದು ಹರಿದ ಟವೆಲು. ವೃದ್ಧೆ ಚೌಕಾಸಿ ಮಾಡದೆ ಎರಡು ಕಿಲೋ ಕೊಂಡು ಹೋದರು. ಮರುದಿನ ಬಂದಾಗ ಅವರ ಕೈಚೀಲದಲ್ಲಿ ಮಡಿಸಿದ ಒಂದು ಉಣ್ಣೆಯ ಶಾಲು ಇತ್ತು. ಜೊತೆಗೆ ಚಿಕ್ಕದೊಂದು ಫ್ಲಾಸ್ಕಿನಲ್ಲಿ ಕಾಫಿ. "ಮಗ ತಂದುಕೊಟ್ಟ ಹೊಸದು ಇದೆ. ಇದನ್ನು ನೀನು ಹೊದ್ದುಕೋ" ಎಂದರು. ಹೆಂಗಸು ಶಾಲನ್ನು ಕಣ್ಣಿಗೊತ್ತಿಕೊಂಡು, ಅಳೆದ ಕಾಯಿಯ ಮೇಲೆ ಎರಡು ಹಿಡಿ ಕೊಸರು ಹಾಕಿದಳು. ಬೇಡವೆಂದರೂ ಕೇಳಲಿಲ್ಲ.

ಬೆಂಗಳೂರಿನ ಮನೆಗಳ ಬೆಚ್ಚನೆಯ ಸುಖಗಳೆಲ್ಲ ಇನ್ನೊಬ್ಬರ ಚಳಿಯ ರಾತ್ರಿಯನ್ನು ದಾಟಿಯೇ ಬರುತ್ತವೆ. ಪರಿಷೆಯಲ್ಲಿ ಕಾಯಿಯ ರಾಶಿಯನ್ನು ಕಾಯುತ್ತ ರೈತ ಪಾದಚಾರಿ ಮಾರ್ಗದಲ್ಲೇ ಮಲಗುತ್ತಾನೆ. ಹೂವಿನವಳು ಮೂರು ಗಂಟೆಗೆ ಮಾರುಕಟ್ಟೆಯಲ್ಲಿರುತ್ತಾಳೆ. ಅತ್ತ ಊರು ಬೆಳೆಯುತ್ತ ಬೆಳೆಯುತ್ತ ಅವರೆ, ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಬಡಾವಣೆಗಳಾಗಿವೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕಿಗಾಗಿ ಊರಾಚೆ ಕಟ್ಟಿದ ಬಸವನಗುಡಿಯೇ ಈಗ ಊರಿನ ನಡುವೆ ಸಿಕ್ಕಿದೆ. ಸೊಗಡಿನ ಅವರೆ ಇನ್ನಷ್ಟು ದೂರದಿಂದ, ಇನ್ನಷ್ಟು ಮುಂಚೆ ಎದ್ದು ಬರಬೇಕಾಗಿದೆ. ಸವಿಯುವವರು ಇದನ್ನು ಮರೆತರೆ ರುಚಿ ಕೆಡದಿರಬಹುದು. ಋಣ ಮಾತ್ರ ಉಳಿಯುತ್ತದೆ.

ಮಾಗಿಯ ಹಬ್ಬಗಳು ಈ ಋಣವನ್ನು ತೀರಿಸುವ ದಾರಿಯನ್ನೂ ಹೇಳಿಕೊಟ್ಟಿವೆ. ಸಂಕ್ರಾಂತಿಯಂದು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳನ್ನು ಬೆರೆಸಿ, ಸಕ್ಕರೆ ಅಚ್ಚು ಮತ್ತು ಕಬ್ಬಿನ ತುಂಡಿನೊಂದಿಗೆ ಹೆಣ್ಣುಮಕ್ಕಳು ಮನೆಮನೆಗೆ ಬೀರುತ್ತಾರೆ. ಮಾಡಿದ್ದನ್ನೆಲ್ಲ ತಾವೇ ಇಟ್ಟುಕೊಳ್ಳುವಂತಿಲ್ಲ, ಬೀರಲೇಬೇಕು. ಅಂದು ಸಂಜೆ ಗವಿಪುರದ ಗಂಗಾಧರೇಶ್ವರನ ಗುಹೆಯ ಮುಂದೆ ಜನ ನೆರೆಯುತ್ತಾರೆ. ಅಸ್ತಮಿಸುವ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ತೂರಿ, ಗುಹೆಯ ಕತ್ತಲನ್ನು ಹೊಕ್ಕು, ಕೆಲವು ನಿಮಿಷಗಳ ಕಾಲ ಲಿಂಗವನ್ನು ಬೆಳಗುತ್ತದೆ. ಮೋಡ ಕವಿದ ವರ್ಷ ಆ ದರ್ಶನ ತಪ್ಪುವುದೂ ಉಂಟು. ಆದರೂ ಜನ ಕಾಯುತ್ತಾರೆ.

ಅಲ್ಲಿಂದಾಚೆಗೆ ಹಗಲು ಹಿಗ್ಗುತ್ತ ಹೋಗುತ್ತದೆ. ಶಿವರಾತ್ರಿ ಬಂದರೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆಂಬುದು ಹಿರಿಯರ ಮಾತು. ಉಣ್ಣೆಯ ಟೋಪಿಗಳು ಪೆಟ್ಟಿಗೆ ಸೇರುತ್ತವೆ. ಗಾಂಧಿ ಬಜಾರಿನ ಅವರೆಯ ರಾಶಿ ಕರಗಿ, ಮಾವಿನ ಮಿಡಿಗೆ ಜಾಗ ಬಿಡುತ್ತದೆ. ಆ ಹೆಂಗಸೂ ಊರಿಗೆ ಮರಳುತ್ತಾಳೆ—ಈ ಸಲ ಶಾಲನ್ನು ಮಡಿಸಿ, ಬುಟ್ಟಿಯ ತಳದಲ್ಲಿ ಜೋಪಾನವಾಗಿಟ್ಟು. ಮುಂದಿನ ಮಾಗಿಗೆ ಬೇಕಲ್ಲ!