ಎಸ್.ಪಿ. ರಸ್ತೆಯಲ್ಲಿ ಹಳೆಯ ಪೆಟ್ಟಿಗೆಗೊಂದು ಹೊಸ ನೆನಪು

ತುಮಕೂರಿನ ಬಸ್ಸು ಮೆಜೆಸ್ಟಿಕ್ ಸೇರುವ ಹೊತ್ತಿಗೆ ನನ್ನ ತೊಡೆಗಳೆರಡೂ ಮರಗಟ್ಟಿದ್ದವು. ಎಪ್ಪತ್ತು ಕಿಲೋಮೀಟರ್ ಉದ್ದಕ್ಕೂ ಮಡಿಲಲ್ಲಿ ಕೂತಿದ್ದದ್ದು ಮಗುವಲ್ಲ. ಹಳೆಯ ಹೊದಿಕೆಯಲ್ಲಿ ಸುತ್ತಿದ ಕಂಪ್ಯೂಟರಿನ ಪೆಟ್ಟಿಗೆ. ಮನೆಯಲ್ಲಿ ನಾವೆಲ್ಲ ‘ಸಿಪಿಯು’ ಎಂದೇ ಕರೆಯುವ ವಸ್ತು.

‘ಹೊಲಿಗೆ ಮಿಷನ್ನೇನಪ್ಪಾ?’ ಎಂದು ಪಕ್ಕದ ಸೀಟಿನ ಅಜ್ಜಿ ಕೇಳಿದರು.

‘ಅಲ್ಲಜ್ಜಿ, ನಮ್ಮಪ್ಪನ ಕಂಪ್ಯೂಟರು.’

‘ಕೆಟ್ಟೋಯ್ತಾ?’

‘ಇನ್ನೂ ಇಲ್ಲ. ಕೆಡೋಕೆ ಮುಂಚೆ ತೋರಿಸೋಣ ಅಂತ.’

‘ಮನುಷ್ಯರನ್ನೇ ಯಾರೂ ಅಷ್ಟು ಬೇಗ ತೋರಿಸಲ್ಲ ಬಿಡು’ ಎಂದು ಅಜ್ಜಿ ಕಿಟಕಿಯ ಕಡೆ ತಿರುಗಿದರು.

ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಈ ಪೆಟ್ಟಿಗೆಯ ವಿಷಯ ಸ್ವಲ್ಪ ಬೇರೆ. ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು. 2013ರಲ್ಲಿ ಈ ಕಂಪ್ಯೂಟರು ಕೊಂಡ ಮೇಲೆ ‘ನುಡಿ’ಯಲ್ಲಿ ಕನ್ನಡ ಟೈಪು ಮಾಡುವುದನ್ನು ಒಂದೊಂದೇ ಬೆರಳಿನಿಂದ ಕಲಿತರು. ಅಂದಿನಿಂದ ನಮ್ಮ ಊರಿನ ಹೊಲ, ಗದ್ದೆ, ಕಟ್ಟೆ, ಬಾವಿಗಳ ಹೆಸರನ್ನೆಲ್ಲ ಬರೆದಿಡುತ್ತಾ ಬಂದಿದ್ದಾರೆ. ಸರ್ಕಾರದ ಪಹಣಿಯಲ್ಲಿ ಸರ್ವೆ ನಂಬರು ಇರುತ್ತದೆ. ಆ ಹೊಲಕ್ಕೆ ‘ಹುಣಸೆ ಕುಂಟೆ’ ಎಂದು ಏಕೆ ಹೆಸರು ಬಂತು ಎನ್ನುವುದು ಇರುವುದಿಲ್ಲವಲ್ಲ! ಅಂಥದ್ದೆಲ್ಲ ಈ ಪೆಟ್ಟಿಗೆಯಲ್ಲಿದೆ. ಬೇರೆಲ್ಲೂ ಇಲ್ಲ.

ಇತ್ತೀಚೆಗೆ ಅದು ಎದ್ದು ಕೂರಲು ಏಳೆಂಟು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಪ್ಪ ಗುಂಡಿ ಒತ್ತಿ, ಬುಟ್ಟಿ ಹಿಡಿದು ಹಿತ್ತಿಲಿಗೆ ಹೂ ಬಿಡಿಸಲು ಹೋಗುತ್ತಿದ್ದರು. ಬುಟ್ಟಿ ತುಂಬುವ ಹೊತ್ತಿಗೆ ಪರದೆ ಬೆಳಗಿರುತ್ತಿತ್ತು. ಅವರಿಗೇನೂ ಅದು ತೊಂದರೆಯಾಗಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಪೆಟ್ಟಿಗೆಯೊಳಗಿನಿಂದ ಬರತೊಡಗಿದ ‘ಟಕ್... ಟಕ್...’ ಸದ್ದು. ಹತ್ತಿರದ ಸರ್ವಿಸ್ ಸೆಂಟರೊಂದರಲ್ಲಿ ತೋರಿಸಿದರೆ, ಪೆಟ್ಟಿಗೆ ಬಿಚ್ಚಿಯೂ ನೋಡದೆ, ‘ಹಳೇ ಮಾಡೆಲ್ ಸಾರ್, ಬಿಸಾಕಿ. ನಲವತ್ತು ಸಾವಿರ ಇಟ್ಕೊಳಿ, ಹೊಸದು ಕೊಡ್ತೀವಿ’ ಎಂದರು. ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ ಬೈದ: ‘ಎಸ್.ಪಿ. ರಸ್ತೆ ಇರೋದು ಯಾಕೆ? ಒಂದು ಎಸ್ಎಸ್‌ಡಿ ಹಾಕಿಸು, ಸಾಕು.’

ಪೇಟೆಯೊಳಗೊಂದು ಪೇಟೆ

ಎಸ್.ಪಿ. ರಸ್ತೆ ಎಂದರೆ ಸಾದರ ಪತ್ರಪ್ಪ ರಸ್ತೆ. ಪುರಭವನದಿಂದ ನಡೆದೇ ಹೋಗಬಹುದು. ಮೆಜೆಸ್ಟಿಕ್ಕಿನಿಂದ ಬರುವವರು ಮೆಟ್ರೋದ ಹಸಿರು ಮಾರ್ಗ ಹಿಡಿದು ಚಿಕ್ಕಪೇಟೆಯಲ್ಲೋ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲೋ ಇಳಿದು ಕೇಳಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ನಾನೂ ಹಾಗೆಯೇ ಹೋದೆ. ಬೆನ್ನಿಗೆ ಹೊದಿಕೆಯ ಗಂಟು ಕಟ್ಟಿಕೊಂಡವನನ್ನು ಮೆಟ್ರೋದ ಕಾವಲುಗಾರ ಎರಡು ಸಲ ತಪಾಸಣೆ ಮಾಡಿದ, ಅಷ್ಟೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯ ಸ್ವಭಾವ ಇಲ್ಲಿ ಇನ್ನೂ ಉಳಿದಿದೆ. ಅಕ್ಕಿಗೊಂದು ಅಕ್ಕಿಪೇಟೆ, ಹತ್ತಿಗೊಂದು ಅರಳೇಪೇಟೆ, ಬಳೆಗೊಂದು ಬಳೇಪೇಟೆ, ದವಸಕ್ಕೊಂದು ತರಗುಪೇಟೆ. ಒಂದು ಸರಕಿನವರು ಒಂದೆಡೆ ಕೂತು ವ್ಯಾಪಾರ ಮಾಡುವ ಪದ್ಧತಿ. ಕಂಪ್ಯೂಟರು ಬಂದಾಗ ಅದಕ್ಕೂ ಈ ಊರು ಹಾಗೆಯೇ ಒಂದು ಬೀದಿ ಕೊಟ್ಟಿತು. ದೆಹಲಿಗೆ ನೆಹರೂ ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚ್ಚಿ ಸ್ಟ್ರೀಟ್ ಹೇಗೋ ಬೆಂಗಳೂರಿಗೆ ಎಸ್.ಪಿ. ರಸ್ತೆ ಹಾಗೆ. ಹೆಸರು ಬದಲಾಯಿಸುವ ಹಾಗಿದ್ದರೆ ‘ತಂತಿಪೇಟೆ’ ಎಂದು ಕರೆಯಬಹುದು. ಅಷ್ಟು ತಂತಿ ಇಲ್ಲಿ ತೂಗಾಡುತ್ತದೆ.

ಬೀದಿ ಕಿರಿದು. ಕೈಗಾಡಿ, ಸ್ಕೂಟರು, ಪಾರ್ಸಲ್ ಹೊತ್ತ ಹಮಾಲಿ, ಪಟ್ಟಿ ಹಿಡಿದು ಓಡಾಡುವ ಎಂಜಿನಿಯರಿಂಗ್ ಹುಡುಗ ಹುಡುಗಿಯರು, ಎಲ್ಲರೂ ಒಟ್ಟಿಗೆ ಹೋಗಬೇಕು. ಒಂದು ಅಂಗಡಿಯಲ್ಲಿ ಬರೀ ಕೇಬಲ್, ಪಕ್ಕದ್ದರಲ್ಲಿ ಬರೀ ಪ್ರಿಂಟರಿನ ಶಾಯಿ, ಎದುರಿಗೆ ಸಿಸಿ ಕ್ಯಾಮೆರಾ. ಮೇಲಿನ ಮಹಡಿಗೆ ಹೋಗುವ ಕತ್ತಲ ಮೆಟ್ಟಿಲುಗಳನ್ನು ಹತ್ತಿದರೆ ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬೆಸುಗೆ ಹಾಕುತ್ತಾ ಕೂತ ರಿಪೇರಿಯವರು. ಕನ್ನಡ, ಹಿಂದಿ, ಉರ್ದು, ತಮಿಳು ಒಂದೇ ವಾಕ್ಯದಲ್ಲಿ ಬರುತ್ತವೆ. ಬೆಲೆ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ!

ತಿರುಗುವ ತಟ್ಟೆ, ತಿರುಗದ ಚಿಪ್ಪು

ಎಸ್ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವ್ ಏನು ಮಾಡುತ್ತದೆ ಎಂಬುದನ್ನು ಅಲ್ಲಿನ ರಿಪೇರಿಯವರೊಬ್ಬರು ಕೆಟ್ಟ ಹಾರ್ಡ್ ಡಿಸ್ಕೊಂದನ್ನು ಬಿಚ್ಚಿ ತೋರಿಸಿಯೇ ಹೇಳಿದರು. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಓಡಾಡುವ ಪುಟ್ಟ ತೋಳು. ಥೇಟ್ ಗ್ರಾಮಫೋನ್! ವ್ಯತ್ಯಾಸವೆಂದರೆ ಈ ತಟ್ಟೆ ನಿಮಿಷಕ್ಕೆ 7,200 ಸುತ್ತು ಸುತ್ತುತ್ತದೆ, ತೋಳಿನ ತುದಿ ತಟ್ಟೆಗೆ ತಾಗದೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಬೇಕಾದ ಮಾಹಿತಿ ಇರುವ ಜಾಗಕ್ಕೆ ತೋಳು ಹೋಗಬೇಕು, ಆ ಜಾಗ ತಿರುಗಿ ತೋಳಿನ ಕೆಳಗೆ ಬರಬೇಕು. ಇದಕ್ಕೆ ಪ್ರತಿಸಲವೂ ಹತ್ತು ಹದಿನೈದು ಮಿಲಿಸೆಕೆಂಡ್. ಒಂದು ಸಲಕ್ಕೆ ಅದು ಏನೂ ಅಲ್ಲ. ಆದರೆ ಕಂಪ್ಯೂಟರು ಎದ್ದೇಳುವಾಗ ಸಾವಿರಾರು ಚೂರುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕಬೇಕಲ್ಲ! ಅಪ್ಪನ ಹೂಬುಟ್ಟಿ ತುಂಬುತ್ತಿದ್ದದ್ದು ಆ ಹೊತ್ತಿನಲ್ಲೇ.

ಎಸ್ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಚಿಪ್ಪಿನೊಳಗಿನ ಕೋಟ್ಯಂತರ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಿ ಮಾಹಿತಿ ಇಡುತ್ತಾರೆ. ಯಾವ ಕೋಶವಾದರೂ ಒಂದೇ ದೂರ. ಹುಡುಕಲು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗವೇ ಸಾಕು. ತಟ್ಟೆಯ ವಿದ್ಯೆ ಹಳೆಯದು. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು; ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಎಸ್ಎಸ್‌ಡಿಯ ಮೂಲವಾದ ಫ್ಲ್ಯಾಶ್ ಮೆಮೊರಿಯನ್ನು ರೂಪಿಸಿದವರು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೋ ಮಸುಓಕ. ಅದು 1980ರ ದಶಕದ ಮಾತು.

ಕೊಳ್ಳುವವರಿಗೆ ಅಲ್ಲಿ ಸಿಕ್ಕ ಬುದ್ಧಿಮಾತುಗಳನ್ನು ಇಲ್ಲಿ ಹಂಚುತ್ತೇನೆ. ಎಸ್ಎಸ್‌ಡಿಯಲ್ಲಿ ಎರಡು ಮುಖ್ಯ ಆಕಾರ. ಇಸ್ಪೀಟ್ ಕಟ್ಟಿಗಿಂತ ತುಸು ದೊಡ್ಡದಾದ, ಏಳು ಮಿಲಿಮೀಟರ್ ದಪ್ಪದ ಸಾಟಾ ಪೆಟ್ಟಿಗೆ ಒಂದು. ಎಂಟು ಸೆಂಟಿಮೀಟರ್ ಉದ್ದದ ಪಟ್ಟಿಯಂಥ ಎಂ.2 ಇನ್ನೊಂದು. ಎರಡನೆಯದು ಬಲು ವೇಗ. ಆದರೆ ಹಳೆಯ ಕಂಪ್ಯೂಟರುಗಳಲ್ಲಿ ಅದನ್ನು ಕೂರಿಸುವ ಗೂಡೇ ಇರುವುದಿಲ್ಲ. ಸಾಟಾದ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟಿಗೇ ನಿಲ್ಲುತ್ತದೆ. ಹಳೆಯ ತಟ್ಟೆಯ ಮುಂದೆ ಅದೇ ಕುದುರೆ. ಹೆಸರೇ ಕೇಳದ ಮಾಲು ತೀರಾ ಅಗ್ಗಕ್ಕೆ ಸಿಕ್ಕರೆ ಕೈ ಹಾಕಬೇಡಿ. ಒಂದು ಟೆರಾಬೈಟ್ ಎಂದು ಹಣೆಪಟ್ಟಿ ಅಂಟಿಸಿ ಒಳಗೆ ಅದರ ಹತ್ತರಲ್ಲೊಂದು ಭಾಗವೂ ಇಲ್ಲದ ನಕಲಿ ಮಾಲು ಲೋಕದಲ್ಲಿ ಬೇಕಾದಷ್ಟಿದೆ. ಬೆಲೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಮೂರು ಅಂಗಡಿ ವಿಚಾರಿಸಿ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ವಾರಂಟಿ ಇಲ್ಲ.

ಮೂರು ಗಂಟೆಯ ಕಾಯುವಿಕೆ

ನನ್ನ ಗಂಟು ಬಿಚ್ಚಿದ ರಿಪೇರಿಯವರು ಮೊದಲು ಕೇಳಿದ್ದು ವೇಗದ ವಿಷಯವನ್ನಲ್ಲ. ‘ಈ ಟಕ್ ಟಕ್ ಎಷ್ಟು ದಿನದಿಂದ ಸಾರ್?’

‘ಒಂದು ತಿಂಗಳಿಂದ.’

‘ಆಮೇಲೂ ಆನ್ ಮಾಡ್ತಾ ಇದ್ರಾ?’

ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗನಂತೆ ತಲೆಯಾಡಿಸಿದೆ. ಅವರು ಪೆಟ್ಟಿಗೆಯಿಂದ ತಟ್ಟೆಯನ್ನು ಕಳಚಿ ತಮ್ಮ ಯಂತ್ರಕ್ಕೆ ಸಿಕ್ಕಿಸಿದರು. ಪರದೆಯ ಮೇಲೆ ಹಳದಿ ಬಣ್ಣದ ಎಚ್ಚರಿಕೆ ಬಂತು. ತಟ್ಟೆಯ ಮೇಲೆ ಕೆಲವು ಕಡೆ ಓದಲಾಗದ ಕಲೆಗಳಾಗಿದ್ದವು. ಸಾಮಾನ್ಯವಾಗಿ ಹಳೆಯದರ ಪಡಿಯಚ್ಚನ್ನೇ ಹೊಸದಕ್ಕೆ ಇಳಿಸಿಬಿಡುತ್ತಾರಂತೆ. ಇದಕ್ಕೆ ಅದು ಬೇಡ, ಮೊದಲು ಅಪ್ಪನ ಬರಹಗಳು ಹೊರಗೆ ಬರಲಿ, ಆಮೇಲೆ ಹೊಸ ಡ್ರೈವಿನಲ್ಲಿ ಎಲ್ಲವನ್ನೂ ಹೊಸದಾಗಿ ಹಾಕೋಣ ಎಂದರು. ‘ಓದೋಕೆ ಆಗೋದನ್ನ ಮೊದಲು ತಗೊಳ್ತೀನಿ. ಆಗದ್ದನ್ನ ಕೊನೆಗೆ ಇನ್ನೊಂದು ಸಲ ಕೇಳ್ತೀನಿ. ಹೋಗಿ ಊಟ ಮಾಡ್ಕೊಂಡ್ ಬನ್ನಿ, ಮೂರು ಗಂಟೆ ಆಗುತ್ತೆ.’

ಊಟ ಸೇರಲಿಲ್ಲ. ಸುಮ್ಮನೆ ಬೀದಿ ಸುತ್ತಿದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಸ್ವಲ್ಪ ಹೊತ್ತು ನಿಂತೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದಲೇ. ಹಿಂದಿನ ದೊಡ್ಡಪೇಟೆ, ಇಂದಿನ ಅವೆನ್ಯೂ ರಸ್ತೆಗೆ ಬಂದರೆ ಪಾದಚಾರಿ ದಾರಿಯಲ್ಲಿ ಹಳೆಯ ಪುಸ್ತಕದ ರಾಶಿ. ಒಂದನ್ನು ತೆರೆದೆ. ಹುಳು ತಿಂದು ಹಾಳೆಯ ತುಂಬ ತೂತು; ಆದರೂ ಸಾಲುಗಳನ್ನು ಊಹಿಸಿ ಓದಬಹುದಿತ್ತು. ಅಪ್ಪ ಕಾಗದದ ಮೇಲೇ ಬರೆದಿದ್ದರೆ ಇಷ್ಟು ದಿಗಿಲು ಇರುತ್ತಿರಲಿಲ್ಲ ಎನ್ನಿಸಿತು. ಕಂಪ್ಯೂಟರು ಕೊಡಿಸಿದವನು ನಾನೇ. ಇನ್ನೊಂದು ಪ್ರತಿ ಮಾಡಿಡದೆ ಹನ್ನೆರಡು ವರ್ಷ ಕಳೆದವನೂ ನಾನೇ.

ಮರಳಿದಾಗ ರಿಪೇರಿಯವರು ಬೆನ್ನು ನೆಟ್ಟಗೆ ಮಾಡಿಕೊಂಡು, ‘ಎಲ್ಲ ಬಂತು ಸಾರ್, ಎರಡು ಬಿಟ್ಟು’ ಎಂದರು. ಒಂದು ಹಳೆಯ ವಿದ್ಯುತ್ ಬಿಲ್ಲಿನ ಚಿತ್ರ. ಇನ್ನೊಂದರ ಹೆಸರು ‘ಮೂಡಲ ಬಯಲು’. ಮೂರು ಸಲ ಪ್ರಯತ್ನಿಸಿದರೂ ಅದು ಬರಲಿಲ್ಲ.

ಹೊಸ ಡ್ರೈವ್ ಕೂರಿಸಿ, ಎರಡು ಕೇಬಲ್ ಸಿಕ್ಕಿಸಿ, ವಿಂಡೋಸ್ ಹಾಕಲು ಒಂದು ಗಂಟೆಯೂ ಹಿಡಿಯಲಿಲ್ಲ. ಹನ್ನೆರಡು ವರ್ಷದ ಯಂತ್ರ ಈಗ ಇಪ್ಪತ್ತು ಸೆಕೆಂಡಿನಲ್ಲಿ ಕಣ್ಣು ಬಿಡುತ್ತದೆ! ಕೂಲಿಯೂ ಸೇರಿ ಆದ ಖರ್ಚು ಆ ನಲವತ್ತು ಸಾವಿರದ ಹತ್ತರಲ್ಲೊಂದು ಭಾಗ. ಒಂದು ಮಾತನ್ನು ಮಾತ್ರ ಅವರು ಒತ್ತಿ ಹೇಳಿದರು. ಇಂಥ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹೊಂದುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಇದನ್ನು ಬರೆಯಲಷ್ಟೇ ಬಳಸಿ, ಬ್ಯಾಂಕಿನ ವ್ಯವಹಾರಕ್ಕೆ ಬೇಡ, ಇಂಟರ್ನೆಟ್ಟಿಗೆ ಜೋಡಿಸಲೇಬೇಕೆಂದಿದ್ದರೆ ಲಿನಕ್ಸ್ ಹಾಕಿಸಿ ಎಂದರು.

ಹೊರಡುವಾಗ ಹಳೆಯ ತಟ್ಟೆಯನ್ನು ಕಾಗದದಲ್ಲಿ ಸುತ್ತಿ ಕೈಗಿತ್ತರು. ‘ಇದನ್ನ ಬಿಸಾಕಬೇಡಿ, ಆನ್ ಕೂಡ ಮಾಡಬೇಡಿ. ಆ ಫೈಲು ಅಷ್ಟು ಮುಖ್ಯ ಅಂದ್ರೆ ದೊಡ್ಡ ಲ್ಯಾಬಿನವರಿಗೆ ತೋರಿಸಬಹುದು, ದುಡ್ಡು ಜಾಸ್ತಿ. ಹೊಸದನ್ನೂ ಪೂರ್ತಿ ನಂಬಬೇಡಿ. ತಟ್ಟೆಯಾದ್ರೆ ಸಾಯೋ ಮುಂಚೆ ನರಳುತ್ತೆ. ಇದು ಒಂದೊಂದು ಸಲ ಉಸಿರೆತ್ತದೇ ಹೋಗುತ್ತೆ. ಇನ್ನೊಂದು ಪ್ರತಿ ಇಡಿ.’ ಬರೆದು ಅಳಿಸಿ ಬರೆದು ಅಳಿಸಿ ಎಸ್ಎಸ್‌ಡಿಯ ಕೋಶಗಳು ನಿಧಾನವಾಗಿ ಸವೆಯುತ್ತವೆ. ಮನೆಯ ಬಳಕೆಯಲ್ಲಿ ಅದಕ್ಕೆ ವರ್ಷಗಟ್ಟಲೆ ಬೇಕು ನಿಜ. ವರ್ಷಗಟ್ಟಲೆ ಕರೆಂಟು ಕಾಣದೆ ಮೂಲೆಗೆ ಬಿದ್ದರೂ ಅದರ ನೆನಪು ಮಾಸಬಹುದು.

ರಾತ್ರಿ ಮನೆ ಸೇರಿ ಅಪ್ಪನಿಗೆ ವೇಗ ತೋರಿಸಿದೆ. ‘ಪರವಾಗಿಲ್ವೇ’ ಎಂದರು. ‘ಮೂಡಲ ಬಯಲು’ ಹೋದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೆರೆಯ ಮೂಡಣ ದಿಕ್ಕಿನ ಹೊಲಗಳ ಹೆಸರು ಅವು. ಹೇಳಿದ ಹಿರಿಯರು ಹೋದ ವರ್ಷ ತೀರಿಕೊಂಡಿದ್ದಾರೆ. ‘ಅರವತ್ತು ಹೆಸರು ಇತ್ತು ಕಣೋ. ಅರ್ಧ ನನಗೇ ನೆನಪಿದೆ. ಉಳಿದದ್ದಕ್ಕೆ ಅವನ ಹೆಂಡತೀನ ಕೇಳ್ಬೇಕು. ಅವಳೂ ಅಲ್ಲೇ ಕಳೆ ಕಿತ್ತವಳಲ್ವಾ’ ಎಂದರು.

ಈಗ ಭಾನುವಾರಕ್ಕೊಮ್ಮೆ ಬೇರೊಂದು ಡಿಸ್ಕಿಗೆ ಪ್ರತಿ ಮಾಡುವ ಕೆಲಸ ನನ್ನದು. ಅಪ್ಪ ಬೆಳಗ್ಗೆ ಗುಂಡಿ ಒತ್ತಿ ಹೂ ಬಿಡಿಸಲು ಹೋಗುವುದನ್ನು ಬಿಟ್ಟಿಲ್ಲ. ಅವರು ಬರುವ ಹೊತ್ತಿಗೆ ಪರದೆ ಬೆಳಗಿ, ಕಾದು, ಬೇಸತ್ತು ಮತ್ತೆ ಕಪ್ಪಾಗಿರುತ್ತದೆ. ‘ಮೂಡಲ ಬಯಲಿ’ನಲ್ಲಿ ಇಲ್ಲಿಯವರೆಗೆ ನಲವತ್ತೊಂದು ಹೆಸರು ಸೇರಿದೆ.